ಟ್ರೇಯಲ್ಲೇ ಜುಟ್ಟು ಕಟ್ಟಿದ ಸಸಿಗಳು

ಜುಲೈ 2ನೇ ವಾರದ ಭಾನುವಾರ, ಸಂಜೆ 5.30. ಗಂಗಾವತಿಯ ಮಾಳಿಗೆ ಇನ್ನೂ ಕಾದೇ ಇತ್ತು. ಕೋಳಿಜುಟ್ಟಿನ ಸಸಿಗಳನ್ನು ಟ್ರೇಯಿಂದ ಕುಂಡಕ್ಕೆ ದಾಟಿಸುವ ಕೆಲಸ. 60 ಸಸಿಗಳಲ್ಲಿ 14, ಗೇಣುದ್ದವೂ ಆಗದೆ ನೆತ್ತಿಯ ಮೇಲೆ ಕೆಂಪು ಗಂಟು ಕಟ್ಟಿಕೊಂಡಿದ್ದವು.

ನೋಡಲು ಮುದ್ದು, ಆದರೆ ಅವುಗಳ ಬೆಳವಣಿಗೆ ಬಹುತೇಕ ಅಲ್ಲಿಗೇ ನಿಂತಂತೆ. ಈ ಗಿಡ ನಮ್ಮ ಬಿಸಿಲಿಗೆ ಅಂಜುವುದಲ್ಲ. ಬೇರಿಗೆ ಜಾಗ ಸಾಲದಿದ್ದರೆ, ಟ್ರೇ ಪದೇಪದೇ ಒಣಗಿದರೆ, ಬೇಗ ಹೂಬಿಟ್ಟು ಬೀಜ ಕಟ್ಟುವ ಆತುರಕ್ಕೆ ಬೀಳುತ್ತದೆ. ಆಮೇಲೆ ಎಷ್ಟು ದೊಡ್ಡ ಕುಂಡ ಕೊಟ್ಟರೂ ಜುಟ್ಟು ನಿಂಬೆಹಣ್ಣಿನಷ್ಟೇ. ಬಿತ್ತಿದ್ದು ಜೂನ್ ಮೊದಲ ವಾರ. 4ರಿಂದ 6 ಎಲೆ ಬಂದಾಗ, ಅಂದರೆ 4 ವಾರದೊಳಗೆ, ಎತ್ತಬೇಕಿತ್ತು. ಒಂದೇ ವಾರದ ತಡ.

ಕುಂಡದ ಮಣ್ಣಿಗೆ 2 ಪಾಲು ಮಸಾರಿ (ಕೆಂಪು ಮಣ್ಣು), 1 ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 1 ಪಾಲು ಸುಟ್ಟು ಕರಿಯಾದ ಭತ್ತದ ಹೊಟ್ಟು. ಅಕ್ಕಿ ಗಿರಣಿಗಳ ಊರಿನಲ್ಲಿ ಹೊಟ್ಟಿಗೇನು ಬರ! ಪೂರ್ತಿ ಬೂದಿಯಾದದ್ದು ಮಾತ್ರ ಬೇಡ, ಕ್ಷಾರ ಹೆಚ್ಚು. ಬರೀ ಎರೆಮಣ್ಣು (ಜಿಗುಟಾದ ಕಪ್ಪು ಮಣ್ಣು) ತುಂಬಿದರೆ ನೀರು ನಿಂತು ಬುಡ ಕೊಳೆಯುತ್ತದೆ. ಎರೆ ಹಿತ್ತಲಲ್ಲಿ ನೆಡುವವರು ಮಡಿಯನ್ನು 15 ಸೆಂ.ಮೀ. ಏರಿಸಿಕೊಳ್ಳಲೇಬೇಕು, ಗಿಡದಿಂದ ಗಿಡಕ್ಕೆ 25 ಸೆಂ.ಮೀ. ಬಿಡಬೇಕು.

ಇದು ಹರಿವೆ, ರಾಜಗಿರಿಯ ಬಳಗ. ಬೇರು ಕೆದಕಿದರೆ ಮುನಿಸು. ಸಸಿಯನ್ನು ಕಾಂಡ ಹಿಡಿದು ಎಳೆಯದೆ, ಟ್ರೇಯ ಅಡಿಯಿಂದ ಒತ್ತಿ ಮಣ್ಣಿನ ಉಂಡೆ ಸಮೇತ ತೆಗೆಯುವುದು. ಮೊದಲಿದ್ದಷ್ಟೇ ಆಳಕ್ಕೆ ನೆಡುವುದು. 10 ಇಂಚಿನ ಕುಂಡಕ್ಕೆ ದೊಡ್ಡ ಜುಟ್ಟಿನದು ಒಂದೇ. ಗರಿಯಂತೆ ಅರಳುವ ಜಾತಿಯಾದರೆ 12 ಇಂಚಿಗೆ ಮೂರು.

ಕುಡಿ ಚಿವುಟುವಲ್ಲಿ ಬಹಳ ಜನ ಎಡವುತ್ತಾರೆ. ಗರಿ ಜಾತಿಯನ್ನು ಗೇಣುದ್ದವಾದಾಗ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ಜುಟ್ಟಿನ ಜಾತಿಯನ್ನು ಚಿವುಟಿದರೆ ನಡುವಿನ ದೊಡ್ಡ ಜುಟ್ಟೇ ಹೋಯಿತು. ಅಲ್ಲಿ ತೆಗೆಯಬೇಕಾದ್ದು ಪಕ್ಕದ ಕವಲು.

ನೀರು ಬುಡಕ್ಕೆ ಮಾತ್ರ. ಜುಟ್ಟಿನ ಮಡಿಕೆಗಳಲ್ಲಿ ನೀರು ನಿಂತರೆ ಒಳಗಿಂದ ಕಂದಾಗಿ ಕೊಳೆಯುತ್ತದೆ, ಮಳೆ ನಿಂತ ಮೇಲೆ ಗಿಡವನ್ನೊಮ್ಮೆ ಮೆಲ್ಲಗೆ ಅಲುಗಿಸಿದರೆ ಒಳ್ಳೆಯದು. ಯೂರಿಯಾ ಆಸೆ ಬೇಡ: ಎಲೆ ಸೊಂಪಾಗುತ್ತದೆ, ಕಾಂಡ ಮೆತ್ತಗಾಗಿ ಜುಟ್ಟಿನ ಭಾರಕ್ಕೆ ಬಾಗುತ್ತದೆ. ಎಲೆಯಡಿ ನುಸಿ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಿಂಪಡಣೆ ಸಂಜೆಗೆ.

ಆ 14 ಸಸಿಗಳನ್ನು ಅಗಲ ಬಾಯಿಯ ಒಂದು ತೊಟ್ಟಿಗೆ ಒತ್ತೊತ್ತಾಗಿ ನೆಟ್ಟಾಯಿತು. ಬಾಗಿಲ ಬಳಿ ಕೆಂಪಗೆ ಕಾಣಲಿ. ಅವುಗಳ ಬೀಜ ಮಾತ್ರ ಎತ್ತಿಡುವಂತಿಲ್ಲ. ಅವಸರದ ಹೂ ಟ್ರೇಯ ತಪ್ಪೋ, ತಳಿಯ ಗುಣವೋ ಹೇಳಲಾಗದು.