ಅಮ್ಮನ ಬೆಳ್ಳಿ ದೀಪ ಮತ್ತು ದೊಡ್ಡ ಮೋರಿ

ನಾನು ಬೆಳೆದದ್ದು ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ, ದೊಡ್ಡ ಮೋರಿಯಿಂದ ಮೂರನೇ ಮನೆ. ನೆಂಟರಿಗೆ ವಿಳಾಸ ಹೇಳುವಾಗ ಅಪ್ಪ ಮೋರಿಯ ಹೆಸರು ಎತ್ತುತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ ಬಿಡಿ, ಮೂಗೇ ದಾರಿ ತೋರಿಸುತ್ತಿತ್ತು.

ಅಮ್ಮ ಪ್ರತಿ ಶುಕ್ರವಾರ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಿದ್ದಳು. ಮುಂದಿನ ಗುರುವಾರದ ಹೊತ್ತಿಗೆ ಅವು ಮತ್ತೆ ಕಪ್ಪು. ದೀಪ ಮಾಡಿಕೊಟ್ಟ ಅಕ್ಕಸಾಲಿಗನೇ ಮೋಸ ಮಾಡಿದ ಅಂತ ಅವಳು ಬಹಳ ವರ್ಷ ನಂಬಿದ್ದಳು. ಕೊಳಚೆ ಕೊಳೆತಾಗ ಏಳುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ ಅಂತ ನನಗೆ ಗೊತ್ತಾದದ್ದು ಪಿಯುಸಿಯಲ್ಲಿ. ಪಾಪ, ಆ ಅಕ್ಕಸಾಲಿಗ.

ನಮ್ಮ ಪಾಲಿಗೆ ಅದು ಚೆಂಡು ನುಂಗುವ ಮೋರಿ. ಕೋಲಿಗೆ ತೆಂಗಿನ ಚಿಪ್ಪು ಕಟ್ಟಿ ಚೆಂಡು ಎತ್ತುತ್ತಿದ್ದೆವು, ಬೀದಿ ನಲ್ಲಿಯಲ್ಲಿ ತೊಳೆದು ಮತ್ತೆ ಬೌಲಿಂಗ್. ಅದರ ನಿಜವಾದ ಹೆಸರು ರಾಜಕಾಲುವೆ ಅಂತ ಹೇಳಿದವರು ತಾತ. ಮಳೆ ನೀರನ್ನು ಕೆರೆಯಿಂದ ಕೆರೆಗೆ ಒಯ್ಯುವುದು ಅದರ ಕೆಲಸ. ಮೆಜೆಸ್ಟಿಕ್ ಕಡೆಯಿಂದ ಇಳಿದು, ಶಾಂತಿನಗರ ದಾಟಿ, ಕೋರಮಂಗಲದ ಮೇಲೆ ಬೆಳ್ಳಂದೂರು ಕೆರೆ ಸೇರುತ್ತದೆ. ಮೆಜೆಸ್ಟಿಕ್‌ನಲ್ಲಿದ್ದ ಧರ್ಮಾಂಬುಧಿ ಕೆರೆ ಬಸ್ ಸ್ಟ್ಯಾಂಡ್ ಆಯಿತು. ಕೆರೆ ಹೋಯಿತು, ಕಾಲುವೆ ಉಳಿಯಿತು. ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದೂ ಒಂಥರಾ ಕಾವೇರಿಯೇ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದು, ನಾವು ಸ್ನಾನ ಮಾಡಿ ಬಿಟ್ಟದ್ದು.

ಪಾಲಿಕೆಯವರು ಈ ಕಾಲುವೆ ಶುಚಿ ಮಾಡುವ ಯೋಜನೆಗೆ ಕೆ-100 ಅಂತ ಹೆಸರಿಟ್ಟು, ದಡದಲ್ಲಿ ನಡೆಯುವ ದಾರಿ ಮಾಡುತ್ತೇವೆ ಅಂದಾಗ ಬೀದಿಯೆಲ್ಲ ನಕ್ಕಿತ್ತು. ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಮಾಡ್ ಫೌಂಡೇಶನ್. ದಕ್ಷಿಣ ಕೊರಿಯಾದ ಸೋಲ್ ನಗರದ ಚಿಯೊಂಗ್‌ಗ್ಯೆಚೊನ್ ತೊರೆಯ ಉದಾಹರಣೆ ಎಲ್ಲರ ಬಾಯಲ್ಲೂ. ಅಲ್ಲಿ ಮೇಲ್ಸೇತುವೆ ಕೆಡವಿ 2005ರಲ್ಲಿ ತೊರೆಯನ್ನು ಜನಕ್ಕೆ ಬಿಟ್ಟುಕೊಟ್ಟರು. ಆದರೆ ಅವರ ಹತ್ತಿರ ಹಾನ್ ನದಿ ಇದೆ, ಅದರಿಂದ ನೀರು ಪಂಪ್ ಮಾಡುತ್ತಾರೆ. ನಮ್ಮ ಊರಿಗೆ ನದಿ ಎಲ್ಲಿಂದ ತರೋಣ? ಹಾಗಾಗಿ ಇಲ್ಲಿ ಕಲ್ಲು ಹಾಸು, ಕಂಬಿ, ಗಿಡಗಳೆಲ್ಲ ಆಮೇಲಿನ ಮಾತು. ಮೊದಲ ಕೆಲಸ ಕೊಳಚೆ ಪೈಪುಗಳನ್ನು ಕಾಲುವೆಯಿಂದ ತಪ್ಪಿಸಿ ಒಳಚರಂಡಿಗೆ ಸೇರಿಸುವುದು.

ಹೂಳೆತ್ತಿ ಗೋಡೆ ತೊಳೆದಾಗ ಪೈಪುಗಳು ಒಂದೊಂದೇ ಕಾಣಿಸಿದವು. ಯಾರ ಮನೆಯದು, ಯಾವುದು ಅಂತ ಬೀದಿಯವರೆಲ್ಲ ಬಗ್ಗಿ ನೋಡುತ್ತಿದ್ದೆವು. ಸಂತೆಯೇ ನೆರೆದಿತ್ತು. ಅಣ್ಣ ಎಲ್ಲರಿಗಿಂತ ಜಾಸ್ತಿ ಜೋರು, ಎದುರು ಮನೆಯವರ ಕಡೆ ಬೆರಳು ತೋರಿಸುತ್ತಿದ್ದ. ಆಗ ಪ್ಲಂಬರ್ ನಮ್ಮ ಹಿತ್ತಲ ಬಚ್ಚಲಿಗೆ ಒಂದು ಬಕೆಟ್ ನೀಲಿ ಹಾಕಿದ ನೀರು ಸುರಿದ. ಕೆಳಗೆ ಕಾಲುವೆ ಗೋಡೆಯ ಹಳೇ ಪೈಪೊಂದರಿಂದ ನೀಲಿ ನೀರು ಬಂತು.

ಯಾರೂ ಏನೂ ಹೇಳಲಿಲ್ಲ. ಎದುರು ಮನೆಯವರು ಮಾತ್ರ ಒಳಗೆ ಹೋಗಿ ಕಾಫಿ ಮಾಡಿಸಿಕೊಂಡು ಬಂದರು, ನಮಗೂ ಕೊಟ್ಟರು.

ಅಪ್ಪನಿಗೆ ಗೊತ್ತಿತ್ತಾ? ಕೇಳೋಣ ಅಂದರೆ ಅವರಿಲ್ಲ. ಅಣ್ಣ ಆ ವಾರವೇ ಅಂಗಳ ಅಗೆಸಿ ಪೈಪ್ ಬದಲಿಸಿದ.

ಹೋದ ಭಾನುವಾರ ಶಾಂತಿನಗರ ಬಸ್ ಸ್ಟ್ಯಾಂಡ್ ಹಿಂದಿನಿಂದ ನಡೆದು ಬಂದೆ. ಒಂದು ಕಡೆ ಬೆಂಚ್ ಮೇಲೆ ಅಜ್ಜಂದಿರ ಹರಟೆ, ನೀರಿನಲ್ಲಿ ಒಂದು ಬೆಳ್ಳಕ್ಕಿ. ಇನ್ನೊಂದು ಕಡೆ ಚಿಪ್ಸ್ ಕವರಿನ ರಾಶಿ. ವಾಸನೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಬಾರದು. ಆದರೂ ಮೂಗು ಮುಚ್ಚಿಕೊಳ್ಳದೆ ನಡೆದೆ.

ಮನೆಗೆ ಹೋದವನು ಅತ್ತಿಗೆಯನ್ನು ಕೇಳಿದೆ: "ದೀಪ ಎಷ್ಟು ದಿನಕ್ಕೆ ಉಜ್ತೀರಿ?"

"ಈಗ ತಿಂಗಳಿಗೊಂದ್ಸಲ ಸಾಕು," ಅಂದರು. "ಯಾಕೆ, ನೀವು ಉಜ್ಕೊಡ್ತೀರಾ?"