ಮೊಡವೆ ಕೊಳೆಯಿಂದ ಬರಲ್ಲ

ಅಕ್ಕನ ಮಗಳಿಗೆ 15 ವರ್ಷ. ಯಾವಾಗ ನೋಡಿದರೂ ಮುಖ ತೊಳೆಯುತ್ತಿದ್ದಳು. ತೊಳೆಯುವುದೇನು, ತಿಕ್ಕುವುದು. ಕೆನ್ನೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು, ಮೊಡವೆ ಮಾತ್ರ ಹಾಗೇ ಇತ್ತು. ಬಂದವರೆಲ್ಲ "ಮುಖ ಸರಿಯಾಗಿ ತೊಳೆಯಲ್ವಾ?" ಅಂತ ಕೇಳಿದರೆ ಮಗು ಇನ್ನೇನು ಮಾಡುತ್ತಾಳೆ? ಫೋಟೋ ಅಂದರೆ ಎದ್ದು ಹೋಗುತ್ತಿದ್ದಳು.

ಒಂದು ದಿನ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಹತ್ತಿರದಿಂದ ನೋಡಿ ಮೊದಲು ಹೇಳಿದ್ದೇ, "ಇದು ಕೊಳೆ ಅಲ್ಲ ಪುಟ್ಟಾ." ಹರೆಯದ ಹಾರ್ಮೋನಿನಿಂದ ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಜಿಡ್ಡು ಬಿಡುತ್ತವೆ. ಅದಕ್ಕೆ ಸತ್ತ ಚರ್ಮ ಸೇರಿ ರಂಧ್ರ ಮುಚ್ಚುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲವಂತೆ. "ಕೇಳಿದ್ಯಾ ಚಿಕ್ಕಮ್ಮ!" ಅಂದಳು. ಎಷ್ಟು ದಿನದಿಂದ ಆ ಮಾತಿಗೆ ಕಾದಿದ್ದಳೋ.

ದಿನಕ್ಕೆ 2 ಸಲ ಸೌಮ್ಯವಾದ ಫೇಸ್‌ವಾಶ್, ಬೆರಳಲ್ಲೇ, ತಿಕ್ಕದೆ. ಹಚ್ಚಲು ಡಾಕ್ಟರ್ ಕೊಟ್ಟಿದ್ದು ಎರಡು ಔಷಧಿ: ಬೆಳಿಗ್ಗೆ 2.5% ಬೆಂಜಾಯ್ಲ್ ಪೆರಾಕ್ಸೈಡ್, ರಾತ್ರಿ 0.1% ಅಡಾಪಲೀನ್ ಜೆಲ್. ಜೆಲ್ ಹಚ್ಚುವುದನ್ನು ಡಾಕ್ಟರೇ ತೋರಿಸಿದರು. ಬೆರಳ ತುದಿಯಲ್ಲಿ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು, ತೆಳ್ಳಗೆ ಹರಡಬೇಕು. ಎದ್ದಿರುವ ಮೊಡವೆಗಷ್ಟೇ ಅಲ್ಲ, ಯಾಕೆಂದರೆ ಮುಂದಿನದ್ದು ಪಕ್ಕದಲ್ಲೇ ಕಣ್ಣಿಗೆ ಕಾಣದೆ ತಯಾರಾಗುತ್ತಿರುತ್ತದೆ. ಚರ್ಮ ಒಣಗದಂತೆ ಎಣ್ಣೆಯಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಹೋದರೆ ಸನ್‌ಸ್ಕ್ರೀನ್. ಬೆಂಜಾಯ್ಲ್ ಪೆರಾಕ್ಸೈಡ್ ತಾಗಿದರೆ ಬಟ್ಟೆಯ ಬಣ್ಣ ಹೋಗುತ್ತದೆ, ಹಾಗಾಗಿ ಬಿಳಿ ಟವೆಲ್ ಒಳ್ಳೆಯದು. ಗೆಳತಿ ಕೊಟ್ಟ ಕ್ರೀಮನ್ನು ಡಾಕ್ಟರ್ ಪಕ್ಕಕ್ಕಿಡಿಸಿದರು. ಅದರಲ್ಲಿ ಸ್ಟಿರಾಯ್ಡ್ ಇತ್ತು, ಅದರಿಂದಲೇ ಮೊಡವೆ ಹೆಚ್ಚಾಗಬಹುದು.

ಕಷ್ಟವಾಗಿದ್ದು ಕಾಯುವುದು. ವ್ಯತ್ಯಾಸ ಕಾಣಲು 6ರಿಂದ 8 ವಾರ ಬೇಕು. ಮೊದಮೊದಲು ಉರಿ, ಸಿಪ್ಪೆ, ಇನ್ನೂ ನಾಲ್ಕು ಮೊಡವೆ. "ಇದು ಕೆಲಸ ಮಾಡ್ತಿಲ್ಲ, ಬೇಡ" ಅಂತ ಅತ್ತಳು. ಡಾಕ್ಟರನ್ನು ಕೇಳಿ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿಸಿದೆವು. ಓದುವಾಗ ಕೈ ತಾನಾಗಿ ಗಲ್ಲಕ್ಕೆ ಹೋಗುತ್ತಿತ್ತು. ಹಿಸುಕಿದರೆ ಊತ ಒಳಕ್ಕಿಳಿದು ಕಲೆ ಉಳಿಯುತ್ತದೆ. ಹಾಗಂತ ಬೈಯಲಿಲ್ಲ, ಕೈಗೊಂದು ಪೆನ್ಸಿಲ್ ಕೊಡುತ್ತಿದ್ದೆ. ಮನೆಯವರಿಗೆಲ್ಲ ಒಂದೇ ಮಾತು ಹೇಳಿದ್ದೆ: ಅವಳ ಮುಖದ ವಿಷಯ ಎತ್ತಬೇಡಿ, ಕಡಿಮೆಯಾಗಿದೆ ಅನ್ನುವುದೂ ಬೇಡ. ಔಷಧಿಯಷ್ಟೇ ಇದೂ ಮುಖ್ಯ ಅನ್ನುವುದು ನನ್ನ ನಂಬಿಕೆ.

ಈಗಲೂ ಒಂದೆರಡು ಏಳುತ್ತವೆ. ಜೆಲ್ ನಿಲ್ಲಿಸಿಲ್ಲ, ನಿಲ್ಲಿಸಿದರೆ ಮರಳಿ ಬರಬಹುದು. ನಿಮ್ಮ ಮನೆಯ ಮಕ್ಕಳಿಗೆ ಆಳದಲ್ಲಿ ನೋಯುವ ಗಂಟುಗಳಿದ್ದರೆ, ಕುಳಿ ಬೀಳಲು ಶುರುವಾಗಿದ್ದರೆ, ವಯಸ್ಸಿಗೆ ಸಹಜ ಅಂತ ಸುಮ್ನೆ ಕೂರಬೇಡಿ. ಡಾಕ್ಟರಿಗೆ ಬೇಗ ತೋರಿಸಿ. ಬಿದ್ದ ಕುಳಿ ತುಂಬುವುದು ಬಹಳ ಕಷ್ಟ.