ಐದು ಕೊಟ್ಟು ಆರು

ಜೆರ್ಸಿ ಸಿಟಿಯ ನಮ್ಮ ಮನೆಯಲ್ಲೇ ನಾನು ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತೇನೆ. ಗಿರಾಕಿಗಳಲ್ಲಿ ಫಿಲಿಪೀನ್ಸ್‌ನ ನರ್ಸ್ ಒಬ್ಬರಿದ್ದಾರೆ. ಶೇಂಗಾ ಚಟ್ನಿಪುಡಿಯನ್ನು ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾರಂತೆ. ಹೋದ ತಿಂಗಳು ಬಂದಾಗ, ನಿಮ್ಮ ದೇಶದ ಹೆಂಗಸೊಬ್ಬಳಿಗೆ ಸಾಲ ಕೊಟ್ಟಿದ್ದೇನೆ ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಬಾಗಿಲಲ್ಲೇ ನಕ್ಕುಬಿಟ್ಟರು.

"ಹಾಗಾದ್ರೆ ನೀವೂ ಬುಂಬಾಯ್! ಬೈಕ್ ಎಲ್ಲಿ?"

ಆಮೇಲೆ ಬಿಡಿಸಿ ಹೇಳಿದರು. ಅಲ್ಲಿ ಬೈಕ್ ಮೇಲೆ ಅಂಗಡಿ ಅಂಗಡಿ ತಿರುಗಿ ಸಾಲ ಕೊಡುವವರಲ್ಲಿ ನಮ್ಮವರು, ಅದರಲ್ಲೂ ಪಂಜಾಬಿಗಳು, ಜಾಸ್ತಿ. ಬಾಂಬೆ ಅನ್ನುವುದೇ ಬುಂಬಾಯ್ ಆಗಿದೆ. ಆ ಸಾಲದ ಹೆಸರು 'ಫೈವ್-ಸಿಕ್ಸ್'. 5 ಪೆಸೊ ತಗೊಂಡರೆ 6 ವಾಪಸ್. ದಿನಾ ಸ್ವಲ್ಪ ಸ್ವಲ್ಪ ವಸೂಲಿ. ಅಡವು ಇಲ್ಲ, ಪತ್ರ ಇಲ್ಲ.

ನಾನು ಕೊಟ್ಟದ್ದು ಕೀವಾ ಅನ್ನುವ ವೆಬ್‌ಸೈಟ್ ಮೂಲಕ. 2005ರಲ್ಲಿ ಉಗಾಂಡಾದ ಏಳು ಜನರಿಗೆ ಸಾಲ ಕೊಡಿಸಿ ಶುರುವಾದ ಸಂಸ್ಥೆ ಅದು. 25 ಡಾಲರ್ ಇದ್ದರೆ ಯಾರು ಬೇಕಾದರೂ ಕೊಡಬಹುದು. ನಮಗೆ ಬಡ್ಡಿ ಬರುವುದಿಲ್ಲ. ಅಸಲು ಕಂತಿನಲ್ಲಿ ವಾಪಸ್ ಬರುತ್ತದೆ, ಮುಳುಗಿದರೂ ಮುಳುಗಿತು. ಪುಡಿಯ ದುಡ್ಡಿನಲ್ಲಿ ತಿಂಗಳಿಗೆ 25 ಎತ್ತಿಡುತ್ತೇನೆ. ಈ ಸಲ ಆರಿಸಿದ್ದು ಸಾರಿ-ಸಾರಿ ಅಂಗಡಿಯವಳನ್ನು. ಸಾರಿ-ಸಾರಿ ಅಂದರೆ ಮನೆಯ ಮುಂದಿನ ಕೋಣೆಯಲ್ಲೇ ಇಟ್ಟುಕೊಳ್ಳುವ ಚಿಲ್ಲರೆ ಅಂಗಡಿ. ಕಿಟಕಿಗೆ ಸರಳು, ಮೇಲೆ ಶಾಂಪೂ, ಕಾಫಿಪುಡಿ ಸ್ಯಾಷೆಗಳ ಸರ. ತಿಪಟೂರಿನಲ್ಲಿ ಅಮ್ಮ ಇಟ್ಟಿದ್ದ ಅಂಗಡಿ ಥೇಟ್ ಹೀಗೇ ಇತ್ತು. ಆರಿಸಿದ್ದೂ ಅದಕ್ಕೇ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಬುಂಬಾಯ್ ಕಥೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಬಡ್ಡಿ ಎಷ್ಟು?"

"ಏನೂ ಇಲ್ಲಮ್ಮ."

"ನಿಂಗಲ್ಲ ಕಣೇ. ಅವಳು ಎಷ್ಟು ಕಟ್ತಾಳೆ?"

ಎರಡು ವರ್ಷದಿಂದ ಕೊಡುತ್ತಿದ್ದೇನೆ. ಇದೊಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೀವಾದಲ್ಲಿ ಅವಳ ಪುಟ ತೆಗೆದು ನೋಡಿದೆ. ಎಲ್ಲ ಅಲ್ಲೇ ಬರೆದಿತ್ತು, ಫೋಟೋದಿಂದ ಕೆಳಗೆ ನಾನೇ ಇಳಿದಿರಲಿಲ್ಲ, ಅಷ್ಟೇ. ಅವಳಿಗೆ ಸಾಲ ಕೊಡುವುದು ಅಲ್ಲಿನ ಮೈಕ್ರೋಫೈನಾನ್ಸ್ ಸಂಸ್ಥೆ. ಅದು ಬಡ್ಡಿ ಹಾಕುತ್ತದೆ. ಊರೂರು ಸುತ್ತಿ ಸಣ್ಣ ಸಣ್ಣ ಕಂತು ಎತ್ತುವ ಖರ್ಚು ಅದಕ್ಕಿದೆಯಲ್ಲ. ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ 30ರ ಮೇಲಾಗುತ್ತಿತ್ತು. ಇನ್ನೊಂದು ವಿಷಯ. ನಾನು ಬಟನ್ ಒತ್ತುವ ಮೊದಲೇ ಅವಳ ಕೈಗೆ ದುಡ್ಡು ಸೇರಿಯಾಗಿತ್ತು. ನನ್ನ 25 ಡಾಲರ್ ಹೋದದ್ದು ಆ ಸಂಸ್ಥೆಯ ಗಲ್ಲಾಕ್ಕೆ. ಅದರಿಂದ ಅವರು ಇನ್ನೊಬ್ಬರಿಗೆ ಕೊಡುತ್ತಾರೆ, ಸರಿ. ಆದರೂ ಪೆಚ್ಚಾದೆ.

ಅಮ್ಮ ಪೆಚ್ಚಾಗಲಿಲ್ಲ. ವಾರದ ಬಡ್ಡಿಯವನ ಹತ್ತಿರ 1000 ಬರೆಸಿ, 850 ಕೈಗೆ ತಗೊಂಡು, ವಾರಕ್ಕೆ 100ರಂತೆ ಹತ್ತು ವಾರ ಕಟ್ಟಿದವಳು ಅವಳು. ವಸೂಲಿಗೆ ಬಂದವನು ಅಂಗಡಿಯಿಂದಲೇ ಒಂದು ಕಟ್ಟು ಬೀಡಿ ಎತ್ತಿಕೊಂಡು ಹೋಗುತ್ತಿದ್ದ. ಅದರ ಲೆಕ್ಕ ಯಾರೂ ಬರೆಯಲಿಲ್ಲ.

"ವರ್ಷಕ್ಕೆ ಮೂವತ್ತು ತಾನೇ? ಪರವಾಗಿಲ್ಲ ಬಿಡು. ಜ್ವರ ಬಂದ ವಾರ ಬಿಡ್ತಾರಾ? ಅದನ್ನ ಕೇಳು."

ಅದು ಪುಟದಲ್ಲಿ ಇರಲಿಲ್ಲ. ವಾಟ್ಸಾಪಿನಲ್ಲಿ ಅಂಗಡಿಯ ಫೋಟೋ ಕಳಿಸಿದೆ. ಕನ್ನಡಕ ಹುಡುಕಿ, ಹಿಗ್ಗಿಸಿ ನೋಡಲು ಅವಳಿಗೆ ಸುಮಾರು ಹೊತ್ತು ಹಿಡಿಯಿತು.

"ಸ್ಯಾಷೆ ಬಿಸಿಲಿಗೆ ಕಟ್ಟಿದ್ದಾಳಲ್ಲೇ. ಬಣ್ಣ ಹೋದ್ರೆ ಹಳೇದು ಅಂತ ಯಾರೂ ತಗೊಳ್ಳಲ್ಲ. ಒಳಗೆ ಕಟ್ಟು ಅಂತ ಹೇಳು ಅವಳಿಗೆ."